ಗೂಗಲ್‌ನಲ್ಲಿ ಮೊದಲು ಬಂದದ್ದೆಲ್ಲ ನಂಬಬಹುದೇ? ವೆಬ್‌ಸೈಟ್ ಪರೀಕ್ಷಿಸುವ ಆರು ಪ್ರಶ್ನೆಗಳು



ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ ಹುನಗುಂದ ಕಡೆಯ ಒಬ್ಬ ತಮ್ಮ ವಾಟ್ಸಾಪ್‌ಗೆ ಎರಡು ಫೋಟೊ ಕಳಿಸಿದ. ಮೊದಲನೆಯದರಲ್ಲಿ ದಾಳಿಂಬೆ ಕಾಯಿ. ಅದರ ಮೇಲೆ ಎಣ್ಣೆ ಹಚ್ಚಿದಂಥ ಕಪ್ಪು ಚುಕ್ಕೆ, ನಡುವೆ ಸೀಳು. ದುಂಡಾಣು ಅಂಗಮಾರಿ ಎಂದು ನೋಡಿದ ಕೂಡಲೇ ಗೊತ್ತಾಯಿತು. ಎರಡನೆಯದು ಅವನ ಮೊಬೈಲ್ ಪರದೆಯ ಫೋಟೊ. ಹುಡುಕಿದಾಗ ಎಲ್ಲಕ್ಕಿಂತ ಮೇಲೆ ಬಂದ ವೆಬ್‌ಸೈಟ್ ಅದು. ಒಂದು ಔಷಧದ ಹೆಸರು, ಲೀಟರಿಗೆ ಎಷ್ಟು ಗ್ರಾಂ ಎಂಬ ಲೆಕ್ಕ, ಕೆಳಗೆ "ಈಗಲೇ ಖರೀದಿಸಿ" ಎಂಬ ಬಟನ್.

"ಅಣ್ಣಾ, ನಾಳೆ ಮುಂಜಾನೆ ಇದನ್ನ ಹೊಡೀಲೇನು?"

"ತಡಿಯೋ ತಮ್ಮಾ. ಬರೆದವರು ಯಾರು ಅಂತ ಐತೇನು?"

"ಇಲ್ಲಣ್ಣಾ."

"ಯಾವಾಗ ಬರೆದದ್ದು?"

"ಅದೂ ಇಲ್ಲ. ಆದ್ರ ಗೂಗಲ್‌ನ್ಯಾಗ ಎಲ್ಲಾದಕ್ಕಿಂತ ಮೊದಲ ಬಂದೈತಲ್ಲಣ್ಣಾ?"

ಆ ಔಷಧ ಸ್ಟ್ರೆಪ್ಟೊಮೈಸಿನ್ ಇರುವ ಪ್ರತಿಜೀವಕ, ಅಂದರೆ ಆ್ಯಂಟಿಬಯೋಟಿಕ್. ಹುಡುಗ ಸಾವಯವಕ್ಕೆ ಬದಲಾಗಿ ಮೂರನೇ ವರ್ಷ ನಡೆದಿತ್ತು. ದಾಳಿಂಬೆಯಂಥ ಬಹುವಾರ್ಷಿಕ ಬೆಳೆಗೆ ಪರಿವರ್ತನೆಯ ಅವಧಿ ಮೂರು ವರ್ಷ. ಆ ಒಂದು ಸಿಂಪಡಣೆ ಆಗಿದ್ದರೆ ಅವನ ಮೂರು ವರ್ಷದ ಕಷ್ಟ ಒಂದೇ ಮುಂಜಾನೆಯಲ್ಲಿ ಮಣ್ಣುಪಾಲಾಗುತ್ತಿತ್ತು. "ಮೊದಲ ಬಂದೈತಲ್ಲ" ಎಂಬ ಅವನ ಮಾತೇ ಈ ವಾರದ ಲೇಖನಕ್ಕೆ ಕಾರಣ.

ಮೊದಲ ಸ್ಥಾನ ಯಾರು ಕೊಡ್ತಾರೆ?

ಊರಲ್ಲಿ ಹತ್ತು ಮಂದಿ "ಅವರನ್ನ ಕೇಳ್ರಿ" ಎಂದು ಒಬ್ಬರ ಕಡೆ ಕೈ ತೋರಿಸಿದರೆ ಅವರು ಬಲ್ಲವರು ಎಂದುಕೊಳ್ಳುತ್ತೇವಲ್ಲ, ಗೂಗಲ್ ಶುರುವಾದದ್ದು ಅದೇ ಲೆಕ್ಕದ ಮೇಲೆ. 1998ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾದ ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್ ಇದನ್ನು ಬರೆದು ಪ್ರಕಟಿಸಿದರು. ಒಂದು ಪುಟಕ್ಕೆ ಬೇರೆ ಪುಟಗಳಿಂದ ಎಷ್ಟು ಲಿಂಕ್ ಬಂದಿವೆ, ಆ ಲಿಂಕ್ ಕೊಟ್ಟವರಿಗೆ ಎಷ್ಟು ಮಂದಿ ಲಿಂಕ್ ಕೊಟ್ಟಿದ್ದಾರೆ ಎಂದು ಎಣಿಸುವ ವಿಧಾನ ಅದು. ಈಗ ಅದರ ಜೊತೆಗೆ ಇನ್ನೂ ಬಹಳ ಲೆಕ್ಕ ಸೇರಿವೆ. ನೀವು ಟೈಪ್ ಮಾಡಿದ ಪದ, ನೀವಿರುವ ಜಾಗ, ಭಾಷೆ, ಪುಟ ಮೊಬೈಲ್‌ನಲ್ಲಿ ಸಲೀಸಾಗಿ ತೆರೆಯುತ್ತದೋ ಇಲ್ಲವೋ ಎಂಬುದು, ಹೀಗೆ.

ಫಲಿತಾಂಶ ಸರಿ ಬರುತ್ತಿವೆಯೇ ಎಂದು ನೋಡಲು ಗೂಗಲ್ ಜನರನ್ನೂ ಇಟ್ಟಿದೆ. ಅವರಿಗೆ ಕೊಡುವ ಕೈಪಿಡಿಯಲ್ಲಿ ನಾಲ್ಕು ಅಂಶಗಳಿವೆ: ಅನುಭವ, ಪರಿಣತಿ, ಮನ್ನಣೆ, ನಂಬಿಕೆ. ಮೊದಲು ಮೂರೇ ಇದ್ದವು. 'ಅನುಭವ' ಸೇರಿದ್ದು 2022ರ ಡಿಸೆಂಬರಿನಲ್ಲಿ. ನಾಲ್ಕರಲ್ಲಿ ನಂಬಿಕೆಯೇ ದೊಡ್ಡದು ಎಂದು ಆ ಕೈಪಿಡಿ ಹೇಳುತ್ತದೆ. ಆರೋಗ್ಯ ಮತ್ತು ಹಣಕ್ಕೆ ಸಂಬಂಧಿಸಿದ ಪುಟಗಳನ್ನು ಹೆಚ್ಚು ಬಿಗಿಯಾಗಿ ನೋಡಬೇಕು ಎಂದೂ ಹೇಳುತ್ತದೆ. ಆದರೆ ಆ ಜನ ಕೊಡುವ ಅಂಕದಿಂದ ಯಾವ ಪುಟವೂ ನೇರವಾಗಿ ಮೇಲೆ ಕೆಳಗೆ ಆಗುವುದಿಲ್ಲ. ಗೂಗಲ್ ತನ್ನ ಲೆಕ್ಕ ಸರಿಯಿದೆಯೇ ಎಂದು ತಿಳಿದುಕೊಳ್ಳಲು ಅದನ್ನು ಬಳಸುತ್ತದೆ, ಅಷ್ಟೆ.

ಅಂದ್ರೆ ಆ ಔಷಧ ನಿಮ್ಮ ಹೊಲದ ಅಂಗಮಾರಿಗೆ ಸರಿಹೋಗುತ್ತದೆಂದು ಯಾರೂ ಪರೀಕ್ಷೆ ಮಾಡಿ ಆ ಪುಟವನ್ನು ಮೇಲೆ ಕೂರಿಸಿಲ್ಲ. ಇನ್ನೂ ಒಂದು ಮಾತು: ಎಲ್ಲಕ್ಕಿಂತ ಮೇಲೆ 'ಪ್ರಾಯೋಜಿತ' ಎಂಬ ಸಣ್ಣ ಅಕ್ಷರ ಇದ್ದರೆ ಅದು ದುಡ್ಡು ಕೊಟ್ಟು ಹಾಕಿಸಿದ ಜಾಹೀರಾತು. ಈಗೀಗ ಎಐ ಬರೆದ ಸಾರಾಂಶವೂ ಮೇಲೆ ಬರುತ್ತದೆ. ಅದನ್ನೇ ಉತ್ತರ ಎಂದುಕೊಳ್ಳಬೇಡಿ. ಅದರ ಪಕ್ಕದ ಲಿಂಕ್ ಒತ್ತಿ ಮೂಲ ಪುಟಕ್ಕೆ ಹೋಗಿ, ಅಲ್ಲಿಂದ ಪರೀಕ್ಷೆ ಶುರು ಮಾಡಿ.

ಇಳಕಲ್ಲಿನಲ್ಲಿ ಸೀರೆ ಬಲ್ಲವರು ಬಣ್ಣ ನೋಡಿ ದುಡ್ಡು ಎಣಿಸುವುದಿಲ್ಲ. ಸೀರೆಯ ಮೈಗೆ ಸೆರಗು ಕೂಡುವ ಜಾಗದ ಕೊಂಡಿ ನೋಡುತ್ತಾರೆ. ವೆಬ್‌ಸೈಟಿಗೂ ಅಂಥ ಕೊಂಡಿಗಳಿವೆ. ನಾನು ನೋಡುವುದು ಆರು.

1. ವಿಳಾಸ ಹಿಂದಿನಿಂದ ಓದಿದರೆ ಏನು ಬರುತ್ತದೆ?

ಕಾಗದದ ಮೇಲೆ ವಿಳಾಸ ಬರೆಯುವಾಗ ಮೊದಲು ಮನೆ, ಆಮೇಲೆ ಊರು, ತಾಲೂಕು, ಕೊನೆಗೆ ಜಿಲ್ಲೆ. ವೆಬ್‌ಸೈಟ್ ಹೆಸರಿನಲ್ಲೂ ಮಾಲೀಕ ಯಾರೆಂದು ಹೇಳುವುದು ಕೊನೆಯ ಭಾಗ. ಮೊದಲ ಓರೆಗೆರೆ ಬರುವವರೆಗಿನ ಹೆಸರನ್ನು ಹಿಂದಿನಿಂದ ಓದಿ. 'ಡಾಟ್ ಗವ್ ಡಾಟ್ ಇನ್' ಅಥವಾ 'ಡಾಟ್ ನಿಕ್ ಡಾಟ್ ಇನ್' ಎಂದು ಮುಗಿದರೆ ಸರ್ಕಾರದ್ದು. 'ಡಾಟ್ ಎಸಿ ಡಾಟ್ ಇನ್' ಶಿಕ್ಷಣ ಸಂಸ್ಥೆಗಳದ್ದು. ಹೆಸರಿನ ನಡುವೆ 'ಗವ್' ಎಂದು ತುರುಕಿ ಕೊನೆಗೆ 'ಡಾಟ್ ಕಾಮ್' ಇದ್ದರೆ ಅದು ಸರ್ಕಾರದ್ದಲ್ಲ.

ಇದು ಬರೀ ಮಾತಲ್ಲ. 2019ರಲ್ಲಿ ಸೌರ ಪಂಪ್‌ಸೆಟ್‌ಗಳ ಪಿಎಂ-ಕುಸುಮ್ ಯೋಜನೆ ಶುರುವಾದ ಮೇಲೆ ಅದೇ ಹೆಸರಿನ ನಕಲಿ ವೆಬ್‌ಸೈಟ್‌ಗಳು ಹುಟ್ಟಿಕೊಂಡವು. ನೋಂದಣಿ ಶುಲ್ಕ ಎಂದು ರೈತರಿಂದ ಹಣ ಕಟ್ಟಿಸಿಕೊಂಡವು. ಕೇಂದ್ರದ ನವೀನ ಮತ್ತು ನವೀಕರಿಸಬಹುದಾದ ಇಂಧನ ಸಚಿವಾಲಯ ಇಂಥ ವೆಬ್‌ಸೈಟ್‌ಗಳ ಹೆಸರು ಹೇಳಿ ಹಲವು ಸಲ ಎಚ್ಚರಿಕೆ ಕೊಟ್ಟಿದೆ.

ಆದರೆ ಹೆಸರೊಂದನ್ನೇ ನೋಡಿದರೂ ಸಾಲದು. ನಮ್ಮ ರಾಜ್ಯದಲ್ಲಿ ಕುಸುಮ್ ಅರ್ಜಿಗೆ ಇಟ್ಟ 'ಸೌರಮಿತ್ರ' ತಾಣದ ಹೆಸರು 'ಡಾಟ್ ಕಾಮ್' ಎಂದೇ ಮುಗಿಯುತ್ತದೆ, ಆದರೂ ಅದು ಅಸಲಿ. ಹಾಗಾದ್ರೆ ಗೊತ್ತಾಗೋದು ಹೆಂಗ? ವಾಟ್ಸಾಪ್‌ನಲ್ಲಿ ಬಂದ ಲಿಂಕ್ ಒತ್ತಬೇಡಿ. ಗೊತ್ತಿರುವ ಸರ್ಕಾರಿ ಇಲಾಖೆಯ ತಾಣಕ್ಕೆ ಹೋಗಿ, ಅಲ್ಲಿ ಕೊಟ್ಟ ಲಿಂಕ್ ಹಿಡಿದು ಬನ್ನಿ. ಬಾಗಿಲು ಗೊತ್ತಿರುವವರ ಮನೆಯಿಂದ ಹೋದರೆ ದಾರಿ ತಪ್ಪುವುದಿಲ್ಲ.

ಬೀಗದ ಚಿತ್ರ ಇದ್ದರೆ ಸುರಕ್ಷಿತ ಎಂದು ಬಹಳ ಮಂದಿ ಅಂದುಕೊಂಡಿದ್ದಾರೆ. ನಿಮ್ಮ ಮೊಬೈಲಿಗೂ ಆ ವೆಬ್‌ಸೈಟಿಗೂ ನಡುವೆ ಹೋಗುವ ಮಾಹಿತಿಯನ್ನು ಮೂರನೆಯವರು ಓದಲಾರರು ಎಂದಷ್ಟೇ ಅದು ಹೇಳುತ್ತದೆ. ಆ ತುದಿಯಲ್ಲಿ ಕೂತವನು ಕಳ್ಳನೋ ಸಾವಕಾರನೋ ಎಂದು ಹೇಳುವುದಿಲ್ಲ. ಜನ ತಪ್ಪು ತಿಳಿಯುತ್ತಾರೆಂದೇ ಕ್ರೋಮ್ 2023ರಲ್ಲಿ ಆ ಬೀಗದ ಚಿತ್ರ ತೆಗೆದುಹಾಕಿತು.

2. ಬರೆದವರು ಯಾರು, ಅವರ ಕೈಗೆ ಮಣ್ಣು ಹತ್ತಿದೆಯೇ?

ಹೆಸರು ಇರಬೇಕು. ಏನು ಓದಿದ್ದಾರೆ, ಏನು ಬೆಳೆದಿದ್ದಾರೆ, ಎಲ್ಲಿ ಎಂಬುದು ಇರಬೇಕು. 'ತಜ್ಞರ ತಂಡ' ಎಂದಷ್ಟೇ ಇದ್ದರೆ ನಾಳೆ ತಪ್ಪಾದಾಗ ಕೇಳುವುದು ಯಾರನ್ನು? ಫೋಟೊ ಒತ್ತಿಹಿಡಿದು ಗೂಗಲ್ ಲೆನ್ಸ್‌ನಲ್ಲಿ ಹುಡುಕಿ. ಅದೇ ಫೋಟೊ ಇಪ್ಪತ್ತು ಕಡೆ ಇದ್ದರೆ ಅದು ಅವರ ತೋಟದ್ದೆಂದು ನಂಬುವುದು ಕಷ್ಟ.

3. ಯಾವ ತಾರೀಖಿನದು?

ನಮ್ಮ ಹುಡುಗನ ಕತೆಗೆ ಬರೋಣ. ಆ ವೆಬ್‌ಸೈಟ್ ಬರೆದಿದ್ದು ಪೂರ್ತಿ ಸುಳ್ಳೂ ಅಲ್ಲ. ನಾನು ಓದುವ ಕಾಲಕ್ಕೆ ಅಂಗಮಾರಿಗೆ ಸ್ಟ್ರೆಪ್ಟೊಮೈಸಿನ್ ಜೊತೆ ತಾಮ್ರದ ಔಷಧ ಸೇರಿಸಿ ಹೊಡೆಯುವ ಶಿಫಾರಸು ಎಲ್ಲ ಕಡೆ ಇತ್ತು. ಆದರೆ ಅದು ಮನುಷ್ಯರ ಕ್ಷಯರೋಗಕ್ಕೂ ಕೊಡುವ ಔಷಧ. ಬೆಳೆಗೆ ಸುರಿದಷ್ಟೂ ರೋಗಾಣುಗಳು ಅದಕ್ಕೆ ಬಗ್ಗದಂತಾಗುವ ಅಪಾಯವಿದೆ. ಅದಕ್ಕೇ 2021ರ ಡಿಸೆಂಬರಿನಲ್ಲಿ ಕೇಂದ್ರ ಕೃಷಿ ಸಚಿವಾಲಯ ಒಂದು ಕರಡು ಆದೇಶ ಹೊರಡಿಸಿತು. ಸ್ಟ್ರೆಪ್ಟೊಮೈಸಿನ್ ಮತ್ತು ಟೆಟ್ರಾಸೈಕ್ಲಿನ್‌ಗಳನ್ನು ಕೃಷಿಯಲ್ಲಿ ಬಳಸುವುದು 2024ರ ಜನವರಿ 1ರಿಂದ ಪೂರ್ತಿ ನಿಲ್ಲಬೇಕು ಎಂಬುದು ಆ ಕರಡಿನಲ್ಲಿತ್ತು. ಹಳೆಯ ಪುಟಗಳಿಗೆ ಇದು ಗೊತ್ತಿಲ್ಲ. ಹಳೆಯದಾದಷ್ಟೂ ಲಿಂಕ್ ಕೂಡಿಕೊಂಡು ಅವು ಮೇಲೆಯೇ ಕೂತಿರಬಹುದು. ಪ್ರಾಮಾಣಿಕ ಸಂಸ್ಥೆಯ ಹಳೆಯ ಕರಪತ್ರವೂ ಇಂದಿಗೆ ತಪ್ಪು ಸಲಹೆ ಆಗಬಹುದು.

ತಾರೀಖು ಇಲ್ಲದ ಪುಟವನ್ನು ಲೇಬಲ್ ಹರಿದ ಔಷಧದ ಬಾಟಲಿಯಂತೆ ನೋಡಿ. 'ನವೀಕರಿಸಲಾಗಿದೆ' ಎಂದು ಮೊನ್ನೆಯ ತಾರೀಖು ಹಾಕಿ ಒಳಗೆ ಹತ್ತು ವರ್ಷದ ಹಳೆಯ ಮಾತು ಇಟ್ಟವರೂ ಇದ್ದಾರೆ. ಹುಡುಕುವಾಗ ಗೂಗಲ್‌ನ ಆಯ್ಕೆಗಳಲ್ಲಿ 'ಕಳೆದ ವರ್ಷ' ಎಂದು ಹಾಕಿ ಮತ್ತೊಮ್ಮೆ ನೋಡಿದರೆ ಹೊಸ ಪುಟಗಳು ಕಾಣುತ್ತವೆ.

4. ಯಾವ ನೆಲದ ಮಾತು ಇದು?

ಹುನಗುಂದದ ಎರಿ ಹೊಲ ನೀರು ಹಿಡಿದುಕೊಂಡು ಕೂಡುತ್ತದೆ. ಬಾದಾಮಿ ಕಡೆಯ ಮಸಾರಿ ಮಡ್ಡಿಯಲ್ಲಿ ನೀರು ನಿಲ್ಲುವುದೇ ಇಲ್ಲ. ಎರಡೂ ಒಂದೇ ಜಿಲ್ಲೆ. ಹಾಗಿರುವಾಗ "ದಾಳಿಂಬೆಗೆ ದಿನಕ್ಕೆ ಇಷ್ಟು ಲೀಟರ್ ನೀರು" ಎಂದು ಎಲ್ಲರಿಗೂ ಒಂದೇ ಅಳತೆ ಬರೆದ ಪುಟ ಯಾರ ಹೊಲ ನೋಡಿ ಬರೆದದ್ದು? ಮಣ್ಣು, ಮಳೆ, ತಳಿ, ಗಿಡದ ವಯಸ್ಸು, ಮೃಗ ಬಹಾರವೋ ಹಸ್ತ ಬಹಾರವೋ ಅಂಬೆ ಬಹಾರವೋ ಎಂಬುದು ಇದ್ದರೆ ಆ ಬರಹಕ್ಕೆ ತೂಕ. ಅಂಗಮಾರಿ ಮಳೆ ಮತ್ತು ತೇವದಲ್ಲಿ ಹಬ್ಬುವ ರೋಗ. ಬಹಾರ ಯಾವುದೆಂದು ಕೇಳದೆ ಔಷಧ ಹೇಳುವವರು ಅರ್ಧ ಮಾತ್ರ ಹೇಳುತ್ತಿದ್ದಾರೆ.

5. ಓದಿದ ಮೇಲೆ ನಾನು ಏನು ಕೊಳ್ಳಬೇಕು?

ಮಾರುವುದು ತಪ್ಪಲ್ಲ, ನಾನೂ ಹಣ್ಣು ಮಾರುತ್ತೇನೆ. ಆದರೆ ರೋಗದ ಹೆಸರು, ಔಷಧದ ಬ್ರ್ಯಾಂಡು, ಖರೀದಿಯ ಬಟನ್ ಮೂರೂ ಒಂದೇ ಪುಟದಲ್ಲಿದ್ದರೆ ಅದು ಸಲಹೆ ಅಲ್ಲ, ಅಂಗಡಿ. ಕೊಳ್ಳುವ ಮೊದಲು ಔಷಧದ ಲೇಬಲ್ ಮತ್ತು ಡಬ್ಬದೊಳಗಿನ ಚೀಟಿ ನೋಡಿ. ನಮ್ಮ ದೇಶದಲ್ಲಿ 1968ರ ಕೀಟನಾಶಕ ಕಾಯ್ದೆಯ ಪ್ರಕಾರ ಪ್ರತಿ ಕೀಟನಾಶಕವೂ ನೋಂದಣಿ ಆಗಬೇಕು. ಯಾವ ಬೆಳೆಗೆ, ಯಾವ ರೋಗ ಅಥವಾ ಕೀಟಕ್ಕೆ, ಎಷ್ಟು ಪ್ರಮಾಣ ಎಂಬುದು ಆ ನೋಂದಣಿಯ ಜೊತೆಗೇ ಬರುತ್ತದೆ. ಲೇಬಲ್‌ನಲ್ಲಿ ನಿಮ್ಮ ಬೆಳೆಯ ಹೆಸರು ಇಲ್ಲದಿದ್ದರೆ ವೆಬ್‌ಸೈಟ್ ಎಷ್ಟು ಹೊಗಳಿದರೂ ಕೈ ಹಿಂದಕ್ಕೆ ತಗೊಳ್ರಿ.

6. ಇದೇ ಮಾತನ್ನು ಬೇರೆ ಯಾರು ಹೇಳುತ್ತಾರೆ?

ಹತ್ತು ವೆಬ್‌ಸೈಟ್‌ಗಳಲ್ಲಿ ಒಂದೇ ವಾಕ್ಯ ಇದ್ದರೆ ಹತ್ತು ಸಾಕ್ಷಿ ಅಲ್ಲ, ಒಬ್ಬನ ಮಾತನ್ನು ಒಂಬತ್ತು ಮಂದಿ ನಕಲು ಮಾಡಿದ್ದು. ಒಂದು ಸಾಲು ಕಾಪಿ ಮಾಡಿ, ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕಿ. ಗೊತ್ತಾಗಿಬಿಡುತ್ತದೆ.

ಎರಡನೇ ಸಾಕ್ಷಿಗೆ ನಮಗೆ ದೂರ ಹೋಗಬೇಕಿಲ್ಲ. 2008ರಲ್ಲಿ ಶುರುವಾದ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಬಾಗಲಕೋಟೆಯಲ್ಲೇ ಇದೆ. ದಾಳಿಂಬೆಗೆಂದೇ 2005ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಸಂಶೋಧನಾ ಕೇಂದ್ರ ಪಕ್ಕದ ಸೊಲ್ಲಾಪುರದಲ್ಲಿದೆ. ಕಿಸಾನ್ ಕಾಲ್ ಸೆಂಟರ್‌ನ 1800-180-1551ಕ್ಕೆ ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಬೀಳುವುದಿಲ್ಲ. ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ರೋಗದ ಟೊಂಗೆ, ಕಾಯಿ ಒಯ್ದು ತೋರಿಸಿದರೆ ಇನ್ನೂ ಒಳ್ಳೆಯದು. ಅಲ್ಲಿನ ವಿಜ್ಞಾನಿಗಳು ನಿಮ್ಮ ಕಾಯಿಯನ್ನೇ ಕಣ್ಣಾರೆ ನೋಡುತ್ತಾರೆ. ಗೂಗಲ್‌ಗೆ ಅದು ಸಾಧ್ಯವಿಲ್ಲ.

ಆ ರಾತ್ರಿ ನಾವು ಫೋನ್‌ನಲ್ಲೇ ಈ ಆರೂ ಪ್ರಶ್ನೆ ಕೇಳಿದೆವು. ಆ ಪುಟ ಆರರಲ್ಲೂ ಸೋತಿತು. ಮರುದಿನ ಹುಡುಗ ಕಾಯಿ ಒಯ್ದು ತೋರಿಸಿ ಬಂದ. ರೋಗ ಬಿದ್ದ ಟೊಂಗೆ ಕತ್ತರಿಸಿದ, ಕತ್ತರಿಯನ್ನು ಗಿಡ ಗಿಡಕ್ಕೂ ತೊಳೆದ, ಉದುರಿದ ಎಲೆ ಕಾಯಿ ಆರಿಸಿ ತೋಟದ ಹೊರಗೆ ಸುಟ್ಟ. ಬೋರ್ಡೋ ದ್ರಾವಣ ಹೊಡೆಯುವ ಮೊದಲು ತನ್ನ ಪ್ರಮಾಣೀಕರಣದವರನ್ನು ಕೇಳಿದ, ಯಾಕಂದ್ರೆ ಸಾವಯವದಲ್ಲಿ ತಾಮ್ರಕ್ಕೂ ಮಿತಿ ಇದೆ. ಕಾಯಿ ಪೂರ್ತಿ ಉಳೀತು ಅಂತ ಹೇಳಲಾರೆ, ಬಹಳಷ್ಟು ಹೋಯಿತು. ಆದರೆ ಮೂರು ವರ್ಷದ ದುಡಿಮೆ ಉಳಿಯಿತು.

ಈಗ ನಮ್ಮದೇ ವೆಬ್‌ಸೈಟ್ ಮೇಲೆ ಬರಬೇಕಲ್ಲ?

ನಿಮ್ಮಲ್ಲಿ ಹಲವರು ನೇರ ಮಾರಾಟಕ್ಕೆ ಸ್ವಂತ ತಾಣ ಮಾಡಿಕೊಂಡಿದ್ದೀರಿ. "ಸರ್ಚ್‌ನಲ್ಲಿ ಕಾಣೋದೇ ಇಲ್ರಿ" ಎಂದು ಮೆಸೇಜ್ ಮಾಡುತ್ತೀರಿ. ಉತ್ತರ ಸರಳ: ಬೇರೆಯವರ ವೆಬ್‌ಸೈಟಿಗೆ ಕೇಳಿದ ಆರು ಪ್ರಶ್ನೆಗಳನ್ನು ನಿಮ್ಮದಕ್ಕೇ ಕೇಳಿ. ಗಿರಾಕಿ ನೋಡುವುದೂ ಅದನ್ನೇ, ಗೂಗಲ್ ಹುಡುಕುವುದೂ ಹೆಚ್ಚುಕಡಿಮೆ ಅದನ್ನೇ.

ನಾನು ಇದನ್ನು ದುಡ್ಡು ಕಳೆದುಕೊಂಡು ಕಲಿತವನು. ಶುರುವಿಗೆ ಒಬ್ಬರು ಫೋನ್ ಮಾಡಿ "ಮೂರು ತಿಂಗಳಲ್ಲಿ ನಿಮ್ಮ ಡೊಮೇನ್ ಅಥಾರಿಟಿ 30 ದಾಟಿಸ್ತೀವಿ" ಎಂದರು. ಎಂಟು ಸಾವಿರ ಕೊಟ್ಟೆ. ಅಂಕ ಏರಿತು, ಒಂದು ಬಾಕ್ಸ್ ಹಣ್ಣು ಹೆಚ್ಚಿಗೆ ಹೋಗಲಿಲ್ಲ. ಆಮೇಲೆ ತಿಳಿಯಿತು, ಆ ಅಂಕ ಗೂಗಲ್‌ನದೇ ಅಲ್ಲ. ಮೊಜ್ ಎಂಬ ಖಾಸಗಿ ಕಂಪನಿ 1ರಿಂದ 100ರವರೆಗೆ ಕೊಡುವ ಅಂದಾಜು ಅದು, ಗೂಗಲ್ ಅದನ್ನು ಬಳಸುವುದಿಲ್ಲ. ಅವರು ಅಂಕ ಏರಿಸಿದ್ದು ನಮ್ಮ ಬೆಳೆಗೆ ಸಂಬಂಧವೇ ಇಲ್ಲದ ಯಾವುದೋ ದೇಶದ ತಾಣಗಳಿಂದ ಲಿಂಕ್ ಖರೀದಿಸಿ. ರ‍್ಯಾಂಕ್ ಏರಿಸಲು ಹೀಗೆ ಲಿಂಕ್ ಕೊಳ್ಳುವುದು ಗೂಗಲ್‌ನ ನಿಯಮಕ್ಕೆ ವಿರುದ್ಧ. ಸಿಕ್ಕಿಬಿದ್ದರೆ ಇದ್ದ ಜಾಗವೂ ಹೋಗುತ್ತದೆ.

ಆಮೇಲೆ ನಾನು ಮಾಡಿದ ಕೆಲಸಗಳು ಇವು. ಮೊಬೈಲ್‌ನಲ್ಲೇ ಆಗುತ್ತವೆ.

* ಹೆಸರು, ಊರು, ಫೋನ್ ನಂಬರ್ ಎಲ್ಲ ಕಡೆ ಒಂದೇ ರೀತಿ ಬರೆಯಿರಿ. ಒಂದು ಕಡೆ 'ಇಳಕಲ್', ಇನ್ನೊಂದು ಕಡೆ ಬೇರೆ ಊರು, ಮತ್ತೊಂದರಲ್ಲಿ ಹಳೆಯ ನಂಬರ್ ಇದ್ದರೆ ಗಿರಾಕಿಗೂ ಗೊಂದಲ, ಗೂಗಲ್‌ಗೂ ಗೊಂದಲ.

* ಗಿರಾಕಿಗಳು ತೋಟಕ್ಕೇ ಬಂದು ಹಣ್ಣು ಒಯ್ಯುತ್ತಿದ್ದರೆ ಗೂಗಲ್ ಬಿಸಿನೆಸ್ ಪ್ರೊಫೈಲ್ ಮಾಡಿ. ಪುಕ್ಕಟೆ. ಪರಿಶೀಲನೆಗೆ ಕೆಲವೊಮ್ಮೆ ತೋಟದ ವಿಡಿಯೊ ಕೇಳುತ್ತಾರೆ. ನೆಂಟರಿಂದ ಸುಳ್ಳು ವಿಮರ್ಶೆ ಬರೆಸಬೇಡಿ.

* ಕನ್ನಡವನ್ನು ಯೂನಿಕೋಡ್‌ನಲ್ಲೇ ಬರೆಯಿರಿ. ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿಸಿದ್ದನ್ನು ಹಾಗೆಯೇ ಅಂಟಿಸಿದರೆ ಗೂಗಲ್‌ಗೆ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಮಾಹಿತಿಯನ್ನೆಲ್ಲ ಪೋಸ್ಟರ್ ಮಾಡಿ ಚಿತ್ರವಾಗಿ ಹಾಕುವುದೂ ಬೇಡ. ಚಿತ್ರ ಇರಲಿ, ಕೆಳಗೆ ಅದೇ ವಿಷಯ ಅಕ್ಷರದಲ್ಲೂ ಇರಲಿ.

* ನಿಮಗಷ್ಟೇ ಗೊತ್ತಿರುವುದನ್ನು ಬರೆಯಿರಿ. 'ದಾಳಿಂಬೆಯ ಆರೋಗ್ಯ ಲಾಭಗಳು' ಎಂಬ ಬರಹ ಸಾವಿರ ಕಡೆ ಇದೆ. 'ನಮ್ಮ ಮಸಾರಿ ಹೊಲದಲ್ಲಿ ಭಗವಾ ತಳಿ, ಹಸ್ತ ಬಹಾರ, ಈ ತಿಂಗಳು ಹೀಗಿದೆ' ಎಂಬುದು ನಿಮ್ಮಲ್ಲಿ ಮಾತ್ರ ಇದೆ. ಸ್ವಂತ ಫೋಟೊ, ತಾರೀಖು, ತಳಿ, ದರ ಹಾಕಿ. ಗೂಗಲ್ 'ಅನುಭವ' ಎನ್ನುವುದು ಇದಕ್ಕೇ.

* ಸಾವಯವ ಎಂದು ಬರೆದರೆ ಪುರಾವೆ ಇಡಿ. ಪಿಜಿಎಸ್ ಇರಲಿ, ಎನ್‌ಪಿಒಪಿ ಇರಲಿ, ಪ್ರಮಾಣಪತ್ರದ ಫೋಟೊ ಮತ್ತು ಅವಧಿ ಹಾಕಿ. ಇನ್ನೂ ಪರಿವರ್ತನೆಯಲ್ಲಿದ್ದರೆ 'ಪರಿವರ್ತನೆಯಲ್ಲಿದೆ' ಎಂದೇ ಬರೆಯಿರಿ.

* ಲಿಂಕ್ ಕೊಳ್ಳಬೇಡಿ, ಗಳಿಸಿ. ನಿಮ್ಮ ರೈತ ಉತ್ಪಾದಕ ಕಂಪನಿಯ ತಾಣ, ನೀವು ಮಾತಾಡಿದ ತರಬೇತಿ ಕಾರ್ಯಕ್ರಮ, ನಿಮ್ಮ ತೋಟದ ಬಗ್ಗೆ ಬರೆದ ಪತ್ರಿಕೆ, ಇವರು ಕೊಡುವ ಒಂದು ಲಿಂಕ್ ಖರೀದಿಸಿದ ನೂರಕ್ಕಿಂತ ಮೇಲು.

* ಗೂಗಲ್ ಸರ್ಚ್ ಕನ್ಸೋಲ್ ಪುಕ್ಕಟೆ ಸಿಗುತ್ತದೆ. ಜನ ಯಾವ ಪದ ಟೈಪ್ ಮಾಡಿ ನಿಮ್ಮ ಪುಟಕ್ಕೆ ಬಂದರು ಎಂದು ಅದು ತೋರಿಸುತ್ತದೆ. ಆ ಪ್ರಶ್ನೆಗೆ ನಿಮ್ಮಲ್ಲಿ ಉತ್ತರ ಇದ್ದರೆ ಮುಂದಿನ ಬರಹ ಅದೇ ಆಗಲಿ.

ಇದು ಎರಡು ವಾರದಲ್ಲಿ ಆಗುವ ಕೆಲಸ ಅಲ್ಲ. ನನಗೆ ಎಂಟು ತಿಂಗಳು ಹಿಡಿಯಿತು. ಅಚ್ಚರಿ ಅಂದ್ರೆ ಈಗಲೂ ಹೆಚ್ಚು ಜನ ಓದುವುದು ನಾನು ಹಣ್ಣನ್ನು ಹೊಗಳಿ ಬರೆದ ಪುಟವನ್ನಲ್ಲ. ಒಂದು ವರ್ಷ ಅಂಗಮಾರಿಗೆ ಎಷ್ಟು ಗಿಡ ಕಳೆದುಕೊಂಡೆ, ಎಲ್ಲಿ ತಪ್ಪಿದೆ ಎಂದು ತಾರೀಖು ಹಾಕಿ ಬರೆದದ್ದನ್ನು. ಅದನ್ನು ಓದಿ ಬಾಗಲಕೋಟೆಯ ನವನಗರದ ಒಬ್ಬ ತಾಯಿ ಫೋನ್ ಮಾಡಿ, "ಹಾಳಾದದ್ದೂ ಹೇಳೀರಿ, ಹಂಗಾರ ಚಲೋ ಐತಿ ಅಂದದ್ದೂ ಖರೇ ಇರಬೇಕು, ಎರಡು ಬಾಕ್ಸ್ ಕಳಿಸ್ರಿ" ಅಂದರು.

ಕೊನೆಗೆ ಒಂದು ಮನೆಗೆಲಸ. ಈ ಲೇಖನಕ್ಕೂ ಆ ಆರು ಪ್ರಶ್ನೆ ಕೇಳಿ. ಬರೆದವನ ಹೆಸರು, ಓದು, ತೋಟ ಪುಟದ ಕೆಳಗಿವೆ, ತಾರೀಖು ಮೇಲಿದೆ. ನಾನು ಸಾವಯವದವನು, ಹಾಗಾಗಿ ರಾಸಾಯನಿಕದ ಬಗ್ಗೆ ನನ್ನ ಮಾತು ಒಂದು ಕಡೆ ವಾಲಿರಬಹುದು. ಅದನ್ನೂ ತೂಗಿ ನೋಡಿ. ಮುಂದಿನ ಸಲ ಗಿಡದ ಮೇಲೆ ಹೊಸ ಚುಕ್ಕೆ ಕಂಡಾಗ ಮೊಬೈಲ್ ಖಂಡಿತ ತೆಗೆಯಿರಿ. ಆದರೆ ಪಂಪ್ ಹೆಗಲಿಗೇರಿಸುವ ಮೊದಲು ಐದು ನಿಮಿಷ ತಡೀರಿ.